ಎಚ್-ಇಂಡೆಕ್ಸ್ 50 ಅಂದ್ರೆ 50 ಉಲ್ಲೇಖ ಅಲ್ಲ
ಕ್ಯಾನ್ಸರ್ ಜೀನ್ ಸಂಶೋಧಕರೊಬ್ಬರ ಎಚ್-ಇಂಡೆಕ್ಸ್ (ಸಂಶೋಧಕರ ಪ್ರಬಂಧಗಳ ಪ್ರಭಾವ ಅಳೆಯುವ ಸಂಖ್ಯೆ) 50, ಅಂದ್ರೆ ಅವರ ಕೆಲಸವನ್ನು ಬೇರೆಯವರು ಉಲ್ಲೇಖಿಸಿದ್ದು ಬರೀ 50 ಸಲ ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಅವರ 50 ಪ್ರಬಂಧಗಳು ತಲಾ ಕನಿಷ್ಠ 50 ಸಲ ಉಲ್ಲೇಖವಾಗಿವೆ ಅಂತ ಅರ್ಥ, ಒಟ್ಟು 2,500ಕ್ಕಿಂತ ಕಡಿಮೆ ಇರೋಕೆ ಸಾಧ್ಯವೇ ಇಲ್ಲ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಕೊಟ್ಟ ಲೆಕ್ಕ ಇದು.

ಹಾಗಂತ ಇದೊಂದನ್ನೇ ನಂಬಬೇಡಿ. ಮನೆತನದಲ್ಲಿ ಬರುವ ಸ್ತನ ಕ್ಯಾನ್ಸರ್‌ಗೆ ಕಾರಣವಾಗುವ ಒಂದು ಜೀನ್ 17ನೇ ಕ್ರೋಮೋಸೋಮ್‌ನಲ್ಲಿದೆ ಅಂತ 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ತಂಡ ತೋರಿಸಿತು, ಬಿಆರ್‌ಸಿಎ1 ಎಂಬ ಆ ಜೀನ್‌ನ ಹುಡುಕಾಟಕ್ಕೆ ದಾರಿಯಾದದ್ದೇ ಅದು. ಅಂಥ ಪ್ರಬಂಧವೂ, ಎಷ್ಟೇ ಸಲ ಉಲ್ಲೇಖವಾದರೂ, ಎಚ್-ಇಂಡೆಕ್ಸ್‌ಗೆ ಬರೀ ಒಂದು! ಇನ್ನು ಗೂಗಲ್ ಸ್ಕಾಲರ್ ಎಂಬ ಪ್ರಬಂಧ ಹುಡುಕುವ ತಾಣ ಥೀಸಿಸ್‌, ಪ್ರಿಪ್ರಿಂಟ್‌ಗಳಲ್ಲಿನ (ತಜ್ಞರ ಪರಿಶೀಲನೆಗೆ ಮೊದಲೇ ಹೊರಬಂದ ಪ್ರಬಂಧ) ಉಲ್ಲೇಖಗಳನ್ನೂ ಎಣಿಸುತ್ತದೆ, ಅಲ್ಲಿನ ಸಂಖ್ಯೆ ಸಾಮಾನ್ಯವಾಗಿ ಜಾಸ್ತಿ. ಅದನ್ನು ಸ್ಕೋಪಸ್ ಎಂಬ ಇನ್ನೊಂದು ಡೇಟಾಬೇಸ್‌ನ ಸಂಖ್ಯೆಯ ಪಕ್ಕ ಇಟ್ಟು ಹೋಲಿಸಬೇಡಿ.