ಉಸಿರಾಡೋಕೂ ಪುರುಸೊತ್ತಿಲ್ಲ

ಇವತ್ತೇ ಬೆಳಿಗ್ಗೆ ಆಗಿದ್ದು, ಹೊಟ್ಟೆ ಇನ್ನೂ ಉರೀತಿದೆ, ಅದಕ್ಕೇ ಬರೀತಿದೀನಿ.

ಕೆಲಸ ಮಾಡ್ತಾ ಮಾಡ್ತಾ ನಾನು ಉಸಿರು ಬಿಗಿ ಹಿಡ್ಕೊಂಡಿರ್ತೀನಂತೆ. ಮನೇಲಿ ಗಮನಿಸಿ ಹೇಳಿದ್ರು. ಈಮೇಲ್ ತೆಗೆದಾಗ ತುಂಬಾ ಜನಕ್ಕೆ ಹಿಂಗಾಗತ್ತಂತೆ, ಲಿಂಡಾ ಸ್ಟೋನ್ ಅನ್ನೋರು 2008ರಲ್ಲೇ ಇದಕ್ಕೆ 'ಈಮೇಲ್ ಆಪ್ನಿಯಾ' (ಆಪ್ನಿಯಾ ಅಂದ್ರೆ ಉಸಿರು ನಿಲ್ಲೋದು) ಅಂತ ನಾಮಕರಣ ಮಾಡಿದಾರೆ. ಸರಿ, ರೋಗಕ್ಕೆ ಹೆಸರಿದೆ ಅಂದ್ಮೇಲೆ ಮದ್ದೂ ಇರಬೇಕಲ್ಲ, ಹುಡುಕಿದೆ. ಸಿಕ್ಕಿದ್ದು 4-7-8. ನಾಲ್ಕು ಎಣಿಸ್ತಾ ಮೂಗಲ್ಲಿ ಒಳಗೆ ಎಳ್ಕೋ, ಏಳು ಎಣಿಸೋವರೆಗೂ ಹಿಡ್ಕೋ, ಎಂಟು ಎಣಿಸ್ತಾ ಬಾಯಲ್ಲಿ ಬಿಡು. ಅಂದ್ರೆ ಉಸಿರು ಹಿಡ್ಕೊಳ್ಳೋ ಚಟ ಬಿಡಿಸೋಕೆ ಇನ್ನೂ ಜಾಸ್ತಿ ಹೊತ್ತು ಉಸಿರು ಹಿಡ್ಕೋಬೇಕು! ಇರಲಿ ಬಿಡಿ. ಒಂದು ಸುತ್ತಿಗೆ 19 ಎಣಿಕೆ, ನಾಲ್ಕು ಸುತ್ತಿಗೆ 76. ಒಂದೂಕಾಲು ನಿಮಿಷದ ಮಾತು, ಯಾರಪ್ಪನ ಗಂಟು ಹೋಗತ್ತೆ?

ಹೋಗತ್ತೆ ಸ್ವಾಮಿ. ನಮ್ ಟೀಮ್ ಲೀಡ್‌ದು.

ಈ ಮನುಷ್ಯನಿಗೆ ಅದ್ಯಾವ ವಾಸನೆ ಬಡಿಯತ್ತೋ ಗೊತ್ತಿಲ್ಲ, ಎಳ್ಕೊಳ್ಳೋವಾಗ ಬರಲ್ಲ, ಬಿಡೋವಾಗ ಬರಲ್ಲ, ಸರಿಯಾಗಿ 'ಹಿಡ್ಕೋ' ಅನ್ನೋ ಏಳರೊಳಗೇ ಬಂದು ಕುರ್ಚಿ ಹಿಂದೆ ನಿಂತಿರ್ತಾರೆ. ಇವತ್ತೂ ಅಷ್ಟೇ. ನಾನು ಕಣ್ಮುಚ್ಚಿ ಮೂರು ಎಣಿಸಿದ್ದೆ. "ಒಂದ್ ನಿಮಿಷ ಫ್ರೀ ಇದೀರಾ?" ನಾಲ್ಕು. "ಆ ರಿಪೋರ್ಟು ಸಂಜೆಯೊಳಗೆ ಆಗತ್ತಲ್ವಾ?" ಐದು. ಬಾಯಿ ಬಿಟ್ರೆ ಸುತ್ತು ಕೆಡತ್ತೆ, ಕಣ್ಬಿಟ್ಟು, ಕೆನ್ನೆ ಉಬ್ಬಿಸ್ಕೊಂಡು, ಸ್ವಲ್ಪ ತಾಳಿ ಅಂತ ಕೈ ಎತ್ತಿ ತೋರಿಸಿದೆ. ಆರು. "ಓ, ಐದು ಗಂಟೆಗಾ? ಸೂಪರ್!" ಏಳು. ಹೊರಟೇ ಹೋದ್ರು. ಮೌನಂ ಸಮ್ಮತಿ ಲಕ್ಷಣಂ ಅಂದವರು ಯಾರೋ, ಅವರು ಯಾವತ್ತೂ ಪ್ರಾಣಾಯಾಮ ಮಾಡಿರಲಿಕ್ಕಿಲ್ಲ. ಎಂಟು ಎಣಿಸ್ತಾ ಬಿಡಬೇಕಿದ್ದ ಉಸಿರು ಒಂದಕ್ಕೇ ಬುಸ್ ಅಂತ ಹೋಯ್ತು.

ಮೀಟಿಂಗಲ್ಲಿ ಮೆಲ್ಲಗೆ ಮಾಡಿ ನೋಡಿದ್ದೂ ಆಯ್ತು. ಅಲ್ಲಿ ಉದ್ದಕ್ಕೆ ಉಸಿರು ಬಿಟ್ರೆ "ಯಾಕೆ, ಪ್ಲಾನ್ ಒಪ್ಪಿಗೆ ಇಲ್ವಾ?" ಅಂತಾರೆ. ದುಂಬಿ ಥರ ಗುಂಯ್ ಅನ್ನೋ ಭ್ರಾಮರಿ ಪ್ರಾಣಾಯಾಮದ ಬಗ್ಗೆ ಕೇಳ್ಬೇಡಿ, ಪಕ್ಕದ ಸೀಟಿನವರು ಫೋನ್ ವೈಬ್ರೇಟ್ ಆಗ್ತಿದೆ ಅಂತ ಮೂರು ಸಲ ಜೇಬು ಮುಟ್ಕೊಂಡ್ರು.

ಆದ್ರೂ ವಿಷಯ ಸುಳ್ಳಲ್ಲ. ನಿಧಾನಕ್ಕೆ ಉಸಿರು ಬಿಡೋವಾಗ ವೇಗಸ್ ಅನ್ನೋ ನರದ ಮೂಲಕ ಎದೆಬಡಿತ ಸ್ವಲ್ಪ ಇಳಿಯತ್ತೆ. ಇದನ್ನ ಓದಿದಾಗ ಅಜ್ಜಿ ನೆನಪಾದ್ರು. ಕೆಲಸ ಎಲ್ಲಾ ಮುಗಿಸಿ ಗೋಡೆಗೆ ಒರಗಿ, ಕಾಲು ಚಾಚಿ, "ಉಸ್ಸ್ಸ್ಸಪ್ಪಾ" ಅನ್ನೋರು. ಆ ಸ್ಸ್ಸ್ ಎಷ್ಟು ಉದ್ದ ಇರ್ತಿತ್ತು ಅಂದ್ರೆ ಎಂಟು ಎಣಿಕೆ ಆರಾಮಾಗಿ ಹಿಡಿಸೋದು. ಯಾರೂ ಎಣಿಸಿರಲಿಲ್ಲ, ನಾನೂ ಎಣಿಸಲಿಲ್ಲ. ಮಧ್ಯದಲ್ಲಿ "ಅಜ್ಜೀ, ಹಸಿವು" ಅಂತ ಹೋಗಿ ನಿಲ್ತಿದ್ದಿದ್ದು ಮಾತ್ರ ನಾನೇ. ಅವರು ಎದ್ದೇಳೋರು.

ಮಧ್ಯಾಹ್ನ ಎಣಿಕೆ ಗಿಣಿಕೆ ಬಿಟ್ಟು, ಕುರ್ಚಿಗೆ ಒರಗಿ, ಅಜ್ಜಿ ಥರಾನೇ ಒಂದ್ಸಲ "ಉಸ್ಸಪ್ಪಾ" ಅಂದೆ. ನಿಜವಾಗ್ಲೂ ಹಗುರ ಆಯ್ತು ರೀ.

"ಓ, ಆಗ್ಲೇ ಮುಗೀತಾ?" ಅಂತ ಹಿಂದಿನಿಂದ ದನಿ. "ಇರಿ, ಇನ್ನೊಂದ್ ಫೈಲ್ ಕಳಿಸ್ತೀನಿ."