ಬಾಟಲಿಗೆ ಅಭ್ಯಂಜನ

ಶುಂಠಿ ಬಿಯರ್ ಮಾಡೋದು ಏನೂ ಕಷ್ಟವಲ್ಲ. ಶುಂಠಿ, ಸಕ್ಕರೆ, ಕಾಯಿಸಿ ಆರಿಸಿದ ಕಾವೇರಿ ನೀರು, ಒಂದು ವಾರದ ತಾಳ್ಮೆ. ಅಷ್ಟೇ. ಆದರೆ ತುಂಬಿಡುವ ಹಳೇ ಬಾಟಲಿಗಳ ಲೇಬಲ್ ಕೀಳೋಕೆ ಎರಡು ಭಾನುವಾರ ಹೋದವು. ಹನುಮಂತನಗರದಲ್ಲಿ ಇದ್ದ ಅಷ್ಟಿಷ್ಟು ಒಳ್ಳೆ ಹೆಸರೂ ಹೋಯಿತು.

ಹೆಸರಲ್ಲಿ ಬಿಯರ್ ಇದೆ ನಿಜ. ಕುಡಿದರೆ ಬರುವುದು ತೇಗು ಮಾತ್ರ. ಆದರೆ ಹುದುಗುವಾಗ ಒಳಗೆ ಗ್ಯಾಸ್ ಕಟ್ಟುತ್ತದೆ. ತೆಳು ಗಾಜಾದರೆ ಢಮಾರ್. ಆ ಒತ್ತಡ ತಡೆಯೋಕೆ ಬಿಯರ್ ಬಾಟಲಿಯೇ ಸರಿ ಅಂತ ಗುಜರಿ ಅಂಗಡಿಯಿಂದ 650 ಎಂಎಲ್‌ನ 12 ಖಾಲಿ ಬಾಟಲಿ ತಂದೆ. "ಎಲ್ರೂ ತಂದು ಹಾಕ್ತಾರೆ, ನೀವೊಬ್ರೇ ಸಾರ್ ತಗೊಂಡು ಹೋಗ್ತಿರೋದು" ಎಂದ ಅಂಗಡಿಯವನು. ಮೆಟ್ಟಿಲು ಹತ್ತುವಾಗ ಚೀಲದೊಳಗೆ ಠಣ್ ಠಣ್. ಕೆಳಗಿನ ಮನೆಯ ಓನರ್ ಅಂಕಲ್ ಪೇಪರ್ ಇಳಿಸಿ ನೋಡಿದರು.

"ಶುಂಠಿ ಜ್ಯೂಸಿಗೆ ಅಂಕಲ್."

"ಹೌದಾ" ಎಂದರು. ಅಂಥ 'ಹೌದಾ' ಟ್ರಾಫಿಕ್ ಪೊಲೀಸರ ಬಾಯಲ್ಲಿ ಮಾತ್ರ ಕೇಳಿದ್ದೆ.

ಕಾರ್ಖಾನೆಗಳಲ್ಲಿ ಹಳೇ ಬಾಟಲಿಗಳನ್ನು ಬಿಸಿ ಕಾಸ್ಟಿಕ್ ಸೋಡಾ ನೀರಲ್ಲಿ ತೊಳೆಯುತ್ತಾರೆ. ಮನೆಯಲ್ಲಿ ಅದನ್ನು ಮುಟ್ಟಿದರೆ ಲೇಬಲ್ ಜೊತೆ ಕೈ ಚರ್ಮವೂ ಏಳುತ್ತದೆ. ನಾನು ವಾಷಿಂಗ್ ಸೋಡಾ ತಂದೆ. ಗೀಸರ್ ನೀರಿಗೆ ಎರಡು ಹಿಡಿ ಹಾಕಿ, ಬಚ್ಚಲಿನ ಬಕೆಟ್ಟುಗಳಲ್ಲಿ ರಾತ್ರಿ ನೆನೆಹಾಕಿ ಮಲಗಿದೆ.

ಬೆಳಿಗ್ಗೆ ಐದಕ್ಕೆ ಅಮ್ಮನ ಕೂಗು. "ಏನೋ ಇದು! ಏಕಾದಶಿ ದಿನ! ಮಡಿ ನೀರಿನ ಬಕೆಟ್ಟಲ್ಲಿ!"

ಏಳು ಬಾಟಲಿಯ ಕಾಗದ ತಾನಾಗಿ ಬಿಟ್ಟು, ಹಾಲಿನ ಕೆನೆಯ ಹಾಗೆ ತೇಲುತ್ತಿತ್ತು. ಉಳಿದ ಐದಕ್ಕೆ ಪ್ಲಾಸ್ಟಿಕ್ ಸ್ಟಿಕರ್. ಅದಕ್ಕೆ ನೀರೂ ಲೆಕ್ಕಕ್ಕಿಲ್ಲ, ಸೋಡಾನೂ ಲೆಕ್ಕಕ್ಕಿಲ್ಲ. ಉಗುರಲ್ಲಿ ಕೆರೆದರೆ ಮೇಲಿನ ಪದರ ಬರುತ್ತದೆ, ಗೋಂದು ಅಲ್ಲೇ ಕೂರುತ್ತದೆ. ಹೆಬ್ಬೆರಳಲ್ಲಿ ಉಜ್ಜಿದರೆ ಕಪ್ಪು ಶಾವಿಗೆ ಎಳೆಯ ಹಾಗೆ ಸುತ್ತಿಕೊಳ್ಳುತ್ತದೆ, ಉದುರುವುದಿಲ್ಲ. ಸ್ಟೀಲ್ ನಾರು ತಗೊಂಡೆ. ನಾರೇ ಚೂರುಚೂರಾಗಿ ಬಾಟಲಿಗೆ ಅಂಟಿತು. ಈಗ ಬಾಟಲಿಗೆ ಗಡ್ಡ.

ನೀರಿಗೆ ಬಗ್ಗದ ಗೋಂದು ಎಣ್ಣೆಗೆ ಬಗ್ಗುತ್ತದೆ. ಇದು ಗೊತ್ತಾಗುವಷ್ಟರಲ್ಲಿ ಎರಡನೇ ಭಾನುವಾರ ಬಂದಿತ್ತು. ಕೊಬ್ಬರಿ ಎಣ್ಣೆಗೆ ಅಡುಗೆ ಸೋಡಾ ಕಲಸಿ, ಐದಕ್ಕೂ ಬಳಿದು, ಅರ್ಧ ಗಂಟೆ ಬಿಸಿಲಿಗಿಟ್ಟೆ. ಆಮೇಲೆ ಜಿಡ್ಡು ಹೋಗಲಿ ಅಂತ ಸೀಗೆಪುಡಿ, ಬಿಸಿನೀರು. ಬಾಗಿಲಲ್ಲಿ ನಿಂತು ನೋಡಿದ ಅಮ್ಮ, "ದೀಪಾವಳಿಗೂ ನೀನು ಇಷ್ಟು ನೆಟ್ಟಗೆ ಎಣ್ಣೆ ಹಚ್ಕೊಂಡಿಲ್ಲ" ಎಂದರು. ನಾಲ್ಕು ಫಳಫಳ. ಐದನೆಯದು ಮಾತ್ರ ಜಗ್ಗಲಿಲ್ಲ. ಅದಕ್ಕೆ ನೀಲಗಿರಿ ಎಣ್ಣೆ. ಅಡುಗೆಮನೆಯಿಂದ ಹೆಂಡತಿ, "ಯಾರಿಗ್ರೀ ನೆಗಡಿ?"

ಟೆರೇಸಿನಲ್ಲಿ ಹನ್ನೆರಡೂ ಬೋರಲು ಹಾಕಿ ಒಣಗಿಸಿದ್ದನ್ನು ಪಕ್ಕದ ಬೀದಿಯವರೂ ನೋಡಿದರಂತೆ. ಅದರ ಕಥೆ ಬೇಡ.

ತುಂಬಿ, ಮುಚ್ಚಳ ಒತ್ತಿದೆ. ಎರಡು ದಿನ ಹೊರಗೆ, ಆಮೇಲೆ ಫ್ರಿಜ್ಜಿಗೆ. ಮರೆತರೆ ಮತ್ತೆ ಢಮಾರ್. "ಹಾಗಾದ್ರೆ ತಾರೀಕು ಅಂಟಿಸಿಡಿ" ಎಂದು ಹೆಂಡತಿ ಮಗಳ ನೋಟ್‌ಬುಕ್ಕಿನ ಸ್ಟಿಕರ್ ತಂದಳು. ನಾನು ಹೆಚ್ಚುಕಡಿಮೆ ಕೈಮುಗಿದೆ. ಮನೆಯಲ್ಲಿ ಬಿಯರ್ ಮಾಡುವವರು ಲೇಬಲ್ಲನ್ನು ಹಾಲಲ್ಲಿ ಅಂಟಿಸುತ್ತಾರೆ. ಹಾಲಿನಲ್ಲಿರುವ ಕೇಸಿನ್ ಗೋಂದಿನ ಹಾಗೇ ಹಿಡಿಯುತ್ತದೆ, ನೀರು ಬಿದ್ದರೆ ಬಿಡುತ್ತದೆ. ಚೀಟಿಗಳಿಗೆ ಹಾಲು ಸವರಿ ಅಂಟಿಸಿದೆ. ಜೀವಮಾನದಲ್ಲಿ ಅಷ್ಟು ಬುದ್ಧಿವಂತ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಬೆಳಿಗ್ಗೆ ಹನ್ನೆರಡು ಚೀಟಿಗೂ ಇರುವೆ ಮುತ್ತಿತ್ತು. ಅಮ್ಮ ಗೊಣಗುತ್ತಲೇ ಬಾಟಲಿಗಳನ್ನು ಒಂದೆಡೆ ಜೋಡಿಸಿ, ಸುತ್ತ ದಪ್ಪಗೆ ಅರಿಶಿನದ ಗೆರೆ ಎಳೆದರು. ನೀಲಗಿರಿ ವಾಸನೆ ಹೋಗಲಿ ಅಂತ ಪಕ್ಕದಲ್ಲೇ ಊದುಬತ್ತಿಯನ್ನೂ ಹಚ್ಚಿಟ್ಟರು.

ಅದೇ ಹೊತ್ತಿಗೆ ಟ್ಯಾಂಕ್ ನೋಡೋಕೆ ಮೇಲೆ ಬಂದ ಓನರ್ ಅಂಕಲ್ ಬಾಗಿಲಲ್ಲೇ ನಿಂತರು. ಅರಿಶಿನ, ಊದುಬತ್ತಿ, ನಡುವೆ ಹನ್ನೆರಡು ಬಿಯರ್ ಬಾಟಲಿ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಕೇಳಿದರು.

"ಮಂಗಳಾರತಿ ಆಯ್ತಾ?"