ಕೆಂಪು ಕೀಮೊ ಔಷಧ ಮತ್ತು ಡಿಎನ್‌ಎ: ಒಂದು ಸ್ಪಷ್ಟನೆ

ಮುಂಬಯಿ ಕನ್ನಡಿಗರ ಕೆಲವು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ‘ಕೆಂಪು ಬಣ್ಣದ ಕೀಮೊ ಔಷಧ ಡಿಎನ್‌ಎಯ ಅಕ್ಷರಗಳನ್ನೇ ಅಳಿಸಿ ಬೇರೆ ಬರೆಯುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ, ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಊರಿನಿಂದ ಚಿಕಿತ್ಸೆಗೆಂದು ಬರುವ ನಮ್ಮವರು ಇದನ್ನು ನಂಬಿ ಹೆದರಬಾರದೆಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ.

ಆ ಔಷಧ ಡಾಕ್ಸೊರೂಬಿಸಿನ್. ಅದರ ಅಣುವಿನ ಚಪ್ಪಟೆ ಭಾಗವು ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬೇಸ್ ಜೋಡಿಗಳ (ಬೇಸ್ ಎಂದರೆ ಡಿಎನ್‌ಎಯ ‘ಅಕ್ಷರ’) ನಡುವೆ ತೂರಿಕೊಂಡಾಗ, ಸಾಮಾನ್ಯವಾಗಿ 3.4 ಆಂಗ್‌ಸ್ಟ್ರಾಮ್‌ನಷ್ಟಿರುವ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಅವುಗಳ ಅಂತರ ಸುಮಾರು ಇಮ್ಮಡಿಯಾಗುತ್ತದೆ, ಅಲ್ಲಿ ಸುರುಳಿಯ ತಿರುವು ಸಡಿಲಗೊಳ್ಳುತ್ತದೆ, ಒಟ್ಟು ಎಳೆ ತುಸು ಉದ್ದವಾಗುತ್ತದೆ. 1961ರಲ್ಲಿ ವಿಜ್ಞಾನಿ ಲಿಯೊನಾರ್ಡ್ ಲರ್ಮನ್ ಅಕ್ರಿಡೀನ್ ಎಂಬ ವರ್ಣದ್ರವ್ಯಗಳ ಕುರಿತು ಮಂಡಿಸಿದ ಮಾದರಿಯೂ ಇದೇ. ಈ ತೂರಿಕೆಯಿಂದ ಬದಲಾಗುವುದು ಆಕಾರವೇ ಹೊರತು ಬೇಸ್‌ಗಳ ಅನುಕ್ರಮವಲ್ಲ.

ಹಾಗೆಂದು ಔಷಧ ನಿರುಪದ್ರವಿಯೆಂದೂ ಹೇಳಲಾಗದು. ಡಿಎನ್‌ಎಯ ಸಿಕ್ಕು ಬಿಡಿಸಲು ಎಳೆಗಳನ್ನು ಕತ್ತರಿಸಿ ಮತ್ತೆ ಬೆಸೆಯುವ ಟೊಪೊಐಸೊಮರೇಸ್ 2 ಎಂಬ ಕಿಣ್ವವನ್ನು ಅದು ಬೆಸುಗೆಗೆ ಮೊದಲೇ ತಡೆಹಿಡಿಯುವುದರಿಂದ ಕಡಿತಗಳು ಹಾಗೆಯೇ ಉಳಿದು, ವೇಗವಾಗಿ ವಿಭಜನೆಯಾಗುವ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಆ ಕಡಿತಗಳು ತಪ್ಪಾಗಿ ದುರಸ್ತಿಯಾದ ಕೋಶಗಳಲ್ಲಿ ಅನುಕ್ರಮವೂ ಕೆಡಬಹುದು. ಇದಲ್ಲದೆ ಹೃದಯಕ್ಕೂ ಹಾನಿಯಾಗುವ ಸಂಭವವಿರುವುದರಿಂದ ವೈದ್ಯರು ಜೀವಿತಾವಧಿಯಲ್ಲಿ ಕೊಟ್ಟ ಔಷಧದ ಒಟ್ಟು ಪ್ರಮಾಣದ ಲೆಕ್ಕ ಇಡುತ್ತಾರೆ.